ಹಿಂದೆ ವಿವರಿಸಿದಂತೆ

'ಪ್ರಾಣಿಗಳನ್ನು ಹಿಂದೆ ವಿವರಿಸಿದಂತೆ ಕೈಗೆ ಎತ್ತಿಕೊಳ್ಳಲಾಯಿತು.' ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಈ ವಾಕ್ಯ ಒಂದು ವಾರದಿಂದ ಅವಳನ್ನು ಬಿಟ್ಟಿರಲಿಲ್ಲ. ಮುಖ ತೊಳೆಯುವಾಗ ಬಂತು, ಕನ್ನಡಿಯ ಮುಂದೆ ನಿಂತು ತಲೆ ಬಾಚುವಾಗ ಬಂತು, ಈಗ ಅಡಿಗೆಮನೆಯ ಕಟ್ಟೆಗೆ ಒರಗಿ ಕಾಫಿ ಆರಲೆಂದು ಕಾಯುತ್ತಿರುವಾಗಲೂ ಬಂತು. ಅದು ಅವಳು ಬರೆದ ವಾಕ್ಯವಲ್ಲ, ಅವಳನ್ನು ನೆನೆದು ಬೇರೆಯವರು ಬರೆದದ್ದು. ಒಬ್ಬಿಬ್ಬರಲ್ಲ, ಸಾವಿರಕ್ಕೂ ಮಿಕ್ಕಿದ ಜನ. ವಾಕ್ಯದ ತುದಿಯಲ್ಲಿ ಒಂದು ಪುಟ್ಟ ಅಂಕಿ, ಪ್ರಬಂಧದ ಕೊನೆಯ ಪುಟದಲ್ಲಿ ಆ ಅಂಕಿಯ ಎದುರಿಗೆ ಅವಳ ಹೆಸರು. ಇಪ್ಪತ್ತೈದು ವರ್ಷಗಳ ಹಿಂದೆ ಅವಳು ನಿದ್ದೆ ಮತ್ತು ಮರೆವಿನ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದಳು. ನಾವು ಮಲಗಿದ್ದಾಗ ಮೆದುಳು ನೆನಪುಗಳನ್ನು ಕಟ್ಟಿ ಭದ್ರಪಡಿಸುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಭದ್ರಪಡಿಸುವುದು ಹಾಗಿರಲಿ, ಮೆದುಳು ರಾತ್ರಿಯಿಡೀ ಕೂತು ಬೇಡದ್ದನ್ನು ಆರಿಸಿ ಆಚೆ ಹಾಕುತ್ತದೆ, ಮರೆಯುವುದೇ ಅದರ ದುಡಿಮೆ ಎಂದು ಇಲಿಗಳ ಮೇಲೆ ಪ್ರಯೋಗ ಮಾಡಿ ಅವಳು ವಾದಿಸಿದ್ದಳು. ಆ ವಾದವನ್ನು ಲೋಕ ಒಪ್ಪಿಕೊಂಡಿದೆ ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿದ್ದಳು. ಆಗಾಗ ಕಂಪ್ಯೂಟರಿನಲ್ಲಿ ಉಲ್ಲೇಖಗಳ ಸಂಖ್ಯೆ ನೋಡುವುದು, ಏರಿದೆ ಎಂದು ಖಾತ್ರಿ ಮಾಡಿಕೊಂಡು ಮುಚ್ಚುವುದು, ಆಮೇಲೆ ಇಡೀ ದಿನ ಎಲ್ಲರ ಜೊತೆ ಸ್ವಲ್ಪ ಹೆಚ್ಚೇ ನಯವಾಗಿರುವುದು. ಯಾರು ಯಾತಕ್ಕಾಗಿ ಉಲ್ಲೇಖಿಸಿದ್ದಾರೆ ಎಂದು ತೆರೆದು ನೋಡುವ ಗೋಜಿಗೆ ಮಾತ್ರ ಹೋಗಿರಲಿಲ್ಲ.

ಹೋದ ವಾರ ನೋಡಬೇಕಾಯಿತು. ಸಂಸ್ಥೆಯಲ್ಲಿ ಒಂದು ಪ್ರಾಧ್ಯಾಪಕ ಪೀಠ ಖಾಲಿಯಾಗಿತ್ತು, ಅರ್ಜಿಯಲ್ಲಿ 'ವಿದ್ವತ್ ಪ್ರಭಾವ' ಎಂದು ಒಂದು ಪುಟ ತುಂಬಬೇಕಿತ್ತು. ತನ್ನ ವಾದದ ಬಗ್ಗೆ ಬೇರೆಯವರು ಬರೆದ ನಾಲ್ಕು ಒಳ್ಳೆಯ ಮಾತು ಹೆಕ್ಕೋಣವೆಂದು ಕೂತಳು. ಮೊದಲು ತೆಗೆದ ಪ್ರಬಂಧದಲ್ಲಿ ಆ ವಾಕ್ಯವಿತ್ತು. ಎರಡನೆಯದರಲ್ಲೂ ಅದೇ. ಹತ್ತು, ಇಪ್ಪತ್ತು, ಐವತ್ತು ಪ್ರಬಂಧ ತಿರುವಿದರೂ ಅದೇ ವಾಕ್ಯ, ಅದೇ ಜಾಗದಲ್ಲಿ, ಪ್ರಯೋಗದ ವಿಧಾನ ಹೇಳುವ ಸಣ್ಣ ಅಕ್ಷರಗಳ ನಡುವೆ. ಅವಳ ಪ್ರಬಂಧದ ಮೂರನೆಯ ಪುಟದಲ್ಲಿ ಇಲಿಗಳನ್ನು ಹೆದರಿಸದೆ ಹೇಗೆ ಕೈಗೆ ತೆಗೆದುಕೊಳ್ಳಬೇಕು ಎಂಬ ಒಂದು ಪ್ಯಾರಾ ಇತ್ತು. ಹೆದರಿದ ಇಲಿ ಮರೆಯುವ ರೀತಿಯೇ ಬೇರೆ, ಆದ್ದರಿಂದ ಅದನ್ನು ಬರೆಯಲೇಬೇಕಾಗಿತ್ತು. ಸಾವಿರ ಜನ ಬಂದದ್ದು ಆ ಪ್ಯಾರಾಕ್ಕೆ. ಮದುವೆಮನೆಗೆ ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ ಚೆನ್ನಾಗಿದೆಯೆಂದು ಹೊಗಳಿ ಹೊರಟುಹೋದ ಹಾಗಾಯಿತು. ಅವಳಿಗೆ ಅವಮಾನವಾಯಿತು, ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ ಕಿವಿಯವರೆಗೂ ಬಿಸಿಯಾಯಿತು. ಆದರೂ ಅರ್ಜಿ ಕಳಿಸಲು ಅದೇ ಕೊನೆಯ ದಿನ. 'ಮರೆವಿನ ಕುರಿತ ಈ ವಾದವು ವ್ಯಾಪಕವಾಗಿ ಉಲ್ಲೇಖಿತವಾಗಿದೆ' ಎಂದು ಮೊದಲೇ ಬರೆದಿಟ್ಟಿದ್ದ ಸಾಲನ್ನು ಅಳಿಸದೆ ಹಾಗೇ ಕಳಿಸಿದಳು. ಪೀಠ ಸಿಕ್ಕರೆ ನಿವೃತ್ತಿಯವರೆಗೆ ಪ್ರಯೋಗಾಲಯ ಉಳಿಯುತ್ತದೆ. ಸಿಗದಿದ್ದರೆ ಆ ಮಹಡಿ ಮೆದುಳಿನ ಚಿತ್ರ ತೆಗೆಯುವ ಯಂತ್ರದವರಿಗೆ ಹೋಗುತ್ತದೆ, ಅವಳು ಎದುರಿನ ಪಾಠದ ಕಟ್ಟಡಕ್ಕೆ. ಇಲಿಗಳನ್ನು ಯಾರೂ ಪಾಠದ ಕಟ್ಟಡಕ್ಕೆ ಕಳಿಸುವುದಿಲ್ಲ. ಅವುಗಳಿಗೆ ಕೊನೆಯದೊಂದು ಚುಚ್ಚುಮದ್ದು, ಅಷ್ಟೇ.

"ಕೊಡು ಇಲ್ಲಿ," ಎಂದು ಗಂಡ ಅವಳ ಮುಖದಿಂದ ಕನ್ನಡಕ ತೆಗೆದುಕೊಂಡ. ಅವನದು ಕನ್ನಡಕದ ಅಂಗಡಿ. ಮನೆಯಲ್ಲಿ ಯಾರ ಕನ್ನಡಕ ಕೊಳೆಯಾಗಿದ್ದರೂ ಅವನಿಗೆ ತಡೆಯದು. "ಇವತ್ತು ಸಂದರ್ಶನದಲ್ಲಿ ಸಮಿತಿಯವರು ನಿನಗೆ ಸರಿಯಾಗಿ ಕಾಣಲಿ ಸ್ವಲ್ಪ."

"ನನಗೆ ಕಂಡು ಏನಾಗ್ಬೇಕು? ಅವ್ರಿಗೆ ನಾನು ಕಾಣ್ಬೇಕು."

"ಸಾವಿರ ಜನ ಒಪ್ಪಿರೋ ಹೆಂಗಸು ನೀನು. ಅದರಲ್ಲಿ ನೂರು ಜನ ನನ್ನ ಅಂಗಡಿಗೆ ಬಂದಿದ್ರೆ ನಾನು ಇಷ್ಟೊತ್ತಿಗೆ ಎರಡನೇ ಅಂಗಡಿ ಹಾಕ್ತಿದ್ದೆ."

ಅವಳು ನಗಲಿಲ್ಲ. ಅವನಿಗೆ ಹೇಳಿಬಿಡಬೇಕೆಂದು ಬಾಯಿವರೆಗೆ ಬಂತು. ಆದರೆ ಈ ಮನುಷ್ಯ ಅಂಗಡಿಗೆ ಬಂದವರಿಗೆಲ್ಲ, ಒಂದು ಕಣ್ಣು ಮುಚ್ಚಿ ಅಕ್ಷರ ಓದಿಸುತ್ತ, ನನ್ನ ಹೆಂಡತಿ ಮರೆವಿನ ಬಗ್ಗೆ ದೊಡ್ಡ ಹೆಸರು ಎಂದು ಹೇಳಿಕೊಂಡು ಬಂದಿದ್ದಾನೆ. ಈಗ ಹೋಗಿ, ರೀ, ನಾನು ಇಲಿ ಹಿಡಿಯುವುದರಲ್ಲಿ ದೊಡ್ಡ ಹೆಸರಂತೆ ಎಂದರೆ ಅವನು ನಗುತ್ತಾನೆ, ಆಮೇಲೆ ನಕ್ಕದ್ದಕ್ಕೆ ಬೇಜಾರು ಮಾಡಿಕೊಂಡು ಇಡೀ ದಿನ ಪೆಚ್ಚಾಗಿರುತ್ತಾನೆ. ಅವನು ಒರೆಸಿಕೊಟ್ಟ ಕನ್ನಡಕ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಒಬ್ಬ ಯುವತಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದಳು, ಮಗು ಇವಳನ್ನೇ ನೋಡುತ್ತಿತ್ತು. ಆ ನೋಟಕ್ಕೆ ಅವಳು ಎಂದಿನಂತೆ ಕಣ್ಣು ತಪ್ಪಿಸಿದಳು. ಮಕ್ಕಳು ಅವಳ ಕೈಗೆ ಬರುತ್ತಿರಲಿಲ್ಲ. ಮಗಳೇ ಬರುತ್ತಿರಲಿಲ್ಲ. ಪ್ರಯೋಗ ನಡೆಯುತ್ತಿದ್ದ ಆ ಎರಡು ವರ್ಷ ಅಕ್ಕ ಬಂದು ಇವರ ಮನೆಯಲ್ಲಿ ಇದ್ದಳು. ಗಣಿತದ ಮೇಡಂ, ಮದುವೆಯಾಗಿರಲಿಲ್ಲ. ಕೈಗೆ ಗಂಡಸರು ಕಟ್ಟುವಂಥ ದಪ್ಪ ವಾಚು ಕಟ್ಟುತ್ತಿದ್ದಳು, ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ಗೋಡೆ ಗಡಿಯಾರದಷ್ಟು ಕೇಳುತ್ತಿತ್ತು. ಬೆಳಗಿನ ಶಾಲೆ ಮುಗಿಸಿ ಬಂದರೆ ಉಳಿದ ದಿನವೆಲ್ಲ ಮಗು ಅಕ್ಕನ ಹತ್ತಿರ. ಇವಳು ಸಂಜೆ ಓಡಿ ಬಂದು, ಚೀಲ ಎಸೆದು, ಮಗುವನ್ನು ಬಾಚಿ ಎತ್ತಿಕೊಳ್ಳುತ್ತಿದ್ದಳು. ಅದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಕಿರುಚುತ್ತಿತ್ತು. ಒಂದು ದಿನ ಅಕ್ಕ ಹೇಳಿದಳು, "ಹಾಗೆ ಹದ್ದಿನ ಥರ ಎರಗಿದ್ರೆ ಹೆದರದೇ ಇರುತ್ತಾ? ಕೈ ಇಡು ಮೊದಲು. ಸುಮ್ನೆ ಹಾಸಿಗೆ ಮೇಲೆ ಇಟ್ಟು ಕಾಯಿ. ಅದಾಗಿ ಅದು ಬರುತ್ತೆ, ಆಮೇಲೆ ಇನ್ನೊಂದು ಕೈ ಹಿಂದೆ ಕೊಡು." ಅಕ್ಕ ಮಾಡಿಯೂ ತೋರಿಸಿದಳು. ಅಂಗೈ ಮೇಲಕ್ಕೆ ತೆರೆದಿಟ್ಟು, ಎಲ್ಲೋ ನೋಡುತ್ತ, ವಾಚಿನ ಕೈ ಅಲುಗಿಸದೆ ಕೂತಳು. ಮಗು ದಿಟ್ಟಿಸಿ, ಮೂಸಿ, ಅಂಬೆಗಾಲಿಟ್ಟು ಬಂದು ಆ ಕೈಗೆ ಎದೆ ಕೊಟ್ಟಿತು. ಮರುದಿನವೇ ಅವಳು ಅದನ್ನು ಮಾಡಿ ನೋಡಿದಳು, ಇಲಿಗಳ ಮೇಲೆ. ಮನೆಯಲ್ಲಿ ಮಾಡಲು ಆಗಲಿಲ್ಲ. ಮನೆಗೆ ಬರುವಾಗ ಯಾವತ್ತೂ ಹೊತ್ತಾಗಿರುತ್ತಿತ್ತು, ಕಾಯುವ ತಾಳ್ಮೆಯನ್ನೆಲ್ಲ ಇಲಿಗಳಿಗೆ ಖರ್ಚು ಮಾಡಿ ಬಂದಿರುತ್ತಿದ್ದಳು. ಮಗಳಿಗೆ ಮಾತು ಸರಾಗವಾಗಿ ಬಂದ ಮೇಲೆ ಒಂದು ಭಾನುವಾರ ಅವಳನ್ನು ಪ್ರಾಣಿಕೋಣೆಗೆ ಕರೆದುಕೊಂಡು ಹೋಗಿದ್ದಳು. ಅಮ್ಮ ಪೆಟ್ಟಿಗೆಯೊಳಗೆ ಕೈಯಿಟ್ಟು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನೋಡಿದ ಮಗು, "ಅಮ್ಮಾ, ನಾನೂ ಇಲಿ ಆಗ್ತೀನಿ," ಎಂದಿತು. ಅಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಮರೆಯಲಾಗದೆ ಉಳಿದದ್ದು ಆ ನಗು. ಇಳಿಯುವ ನಿಲ್ದಾಣ ದಾಟಿಹೋಗಿತ್ತು. ಅವಳು ಗಂಟೆ ಒತ್ತಿ, ಮುಂದಿನ ನಿಲ್ದಾಣದಲ್ಲಿಳಿದು ಹಿಂದಕ್ಕೆ ನಡೆದಳು.

ಸಮಿತಿಯ ಕೋಣೆಯ ಹೊರಗೆ ಎರಡು ಕುರ್ಚಿಗಳಿದ್ದವು, ಒಂದರ ಕಾಲು ಕುಂಟು. ಅವಳು ಕೂತದ್ದು ಅದರ ಮೇಲೇ ಎಂದು ಗೊತ್ತಾಗುವ ಹೊತ್ತಿಗೆ ಒಳಗಿಂದ ನಗುವಿನ ಶಬ್ದ ಬಂತು. ಪೀಠಕ್ಕೆ ಅರ್ಜಿ ಹಾಕಿದ್ದ ಇನ್ನೊಬ್ಬ, ಮೆದುಳಿನ ಚಿತ್ರಯಂತ್ರದವನು, ಒಳಗಿದ್ದ. ಬಣ್ಣ ಬಣ್ಣದ ಮೆದುಳುಗಳನ್ನು ಗೋಡೆಯ ಮೇಲೆ ತೋರಿಸಿ ನಗಿಸುವುದರಲ್ಲಿ ಅವನು ನಿಪುಣ. ಕೆಟ್ಟವನಲ್ಲ, ಎದುರಾದಾಗಲೆಲ್ಲ ಅವಳಿಗೆ ಬಾಗಿಲು ಹಿಡಿದು ನಿಲ್ಲುವವನು. ಅವನನ್ನು ದ್ವೇಷಿಸಲು ಒಂದು ಕಾರಣ ಸಿಕ್ಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಇನ್ನೊಂದು ಕುರ್ಚಿಗೆ ಹೋದರೆ ನೋಡಿದವರು ಏನೆಂದುಕೊಂಡಾರು ಎಂದು ಅವಳು ಅಲ್ಲೇ, ಒಂದು ಕಾಲಿನ ಮೇಲೆ ಭಾರ ಹಾಕಿ ಕೂತಳು. ಕಾರಿಡಾರಿನಲ್ಲಿ ನಡೆದಾಡುತ್ತಿದ್ದವರು ಅವಳತ್ತ ನೋಡಿ, ಆಸ್ಪತ್ರೆಯಲ್ಲಿ ನಕ್ಕಂತೆ ನಕ್ಕು ಹೋಗುತ್ತಿದ್ದರು.

ಒಳಗೆ ಐದು ಜನರಿದ್ದರು. ಅಧ್ಯಕ್ಷರನ್ನು ಬಿಟ್ಟರೆ ಅವಳಿಗೆ ಪರಿಚಯದ ಮುಖ ಒಂದೇ, ಹೊರಗಿನ ತಜ್ಞೆಯಾಗಿ ಬಂದಿದ್ದ ಗಟ್ಟಿಗಿತ್ತಿ. ಓದುವ ಕಾಲದಲ್ಲಿ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿದ್ದರು. ಅವಳು ಯಾರಿಗೂ ಸೊಪ್ಪು ಹಾಕದವಳಾದ್ದರಿಂದ ಆ ಹೆಸರು. ಇವಳು ಮರೆವಿನ ಹಿಂದೆ ಬಿದ್ದವಳಾದ್ದರಿಂದ ಮರೆಗುಳಿ. ನಿದ್ದೆಯಲ್ಲಿ ನೆನಪು ಭದ್ರವಾಗುತ್ತದೆ ಎಂಬ ವಾದವನ್ನು ಊರೂರು ತಿರುಗಿ ಗೆಲ್ಲಿಸಿದವಳು ಗಟ್ಟಿಗಿತ್ತಿಯೇ. ಇವಳ ಪ್ರಬಂಧವನ್ನು ಅವಳೂ ಹತ್ತು ಹನ್ನೆರಡು ಸಲ ಉಲ್ಲೇಖಿಸಿದ್ದಳು. ಹೋದ ವಾರ ಅವನ್ನೂ ತೆರೆದು ನೋಡಿಯಾಗಿತ್ತು. ಪ್ರತಿಯೊಂದರಲ್ಲೂ ಅದೇ ವಾಕ್ಯ.

"ನಿಮ್ಮ ಪ್ರಬಂಧಗಳು ಸಂಖ್ಯೆಯಲ್ಲಿ ಹೆಚ್ಚಿಲ್ಲ," ಎಂದರು ಅಧ್ಯಕ್ಷರು, ಕಾಗದ ತಿರುವುತ್ತ. "ಆದ್ರೆ ಈ ಒಂದು ಪ್ರಬಂಧ ಇದೆಯಲ್ಲ, ಇದರದ್ದು ಬಹಳ ದೊಡ್ಡ ಸಂಖ್ಯೆ. ಇದರ ಬಗ್ಗೆ ಹೊರಗಿನ ತಜ್ಞರು ಏನ್ ಹೇಳ್ತೀರಿ?"

ಗಟ್ಟಿಗಿತ್ತಿ ಇವಳತ್ತ ನೋಡಲಿಲ್ಲ. "ಈ ಸಂಖ್ಯೆ ಸುಮ್ನೆ ಬಂದಿದ್ದಲ್ಲ ಸಾರ್. ಮರೆವಿನ ಬಗ್ಗೆ ಯಾರೇ ಯೋಚನೆ ಮಾಡಿದ್ರೂ ಇವರ ವಾದದಿಂದಲೇ ಶುರು ಮಾಡ್ಬೇಕು. ನಾನು ಒಪ್ಪಲ್ಲ, ಅದು ಎಲ್ರಿಗೂ ಗೊತ್ತು. ಆದ್ರೂ ನಾನೇ ಎಷ್ಟೋ ಸಲ ಉಲ್ಲೇಖ ಮಾಡಿದೀನಿ. ಎದುರು ಪಕ್ಷದವರೂ ಬಿಡಕ್ಕಾಗದೇ ಇರೋ ವಾದ ಅಂದ್ರೆ ಅದಕ್ಕಿಂತ ಪ್ರಭಾವ ಇನ್ನೇನ್ ಬೇಕು?"

ಅಧ್ಯಕ್ಷರು ತಲೆದೂಗಿದರು, ಇನ್ನೊಬ್ಬರು ಏನೋ ಬರೆದುಕೊಂಡರು. ಎಷ್ಟು ಸುಲಭ, ಎಂದುಕೊಂಡಳು ಅವಳು. ಗೆಳತಿ ಬಾಗಿಲು ತೆರೆದು ನಿಂತಿದ್ದಾಳೆ, ಒಳಗೆ ಹೋಗುವುದೊಂದೇ ಬಾಕಿ. ಪ್ರೀತಿಯಿಂದಲೇ ಹೇಳಿದ ಸುಳ್ಳು. ಬಹುಶಃ ಗೆಳತಿಗೆ ಅದು ಸುಳ್ಳೆಂದು ಗೊತ್ತೂ ಇಲ್ಲ, ತಾನು ಯಾತಕ್ಕೆ ಉಲ್ಲೇಖಿಸಿದೆನೆಂದು ಮರೆತಿರಬಹುದು. ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ಒರಗಿ ಮಲಗಿರುವ ಇಲಿಗಳು ಕಣ್ಣ ಮುಂದೆ ಬಂದವು. ಅವುಗಳಿಗಾಗಿಯಾದರೂ ಸುಮ್ಮನಿರಬಹುದಲ್ಲ. ಸುಮ್ಮನಿರುತ್ತೇನೆ ಎಂದೇ ನಿರ್ಧರಿಸಿದಳು. ಆದರೆ ಇಷ್ಟು ವರ್ಷ ತನ್ನ ವಾದದ ಬಗ್ಗೆ ಒಬ್ಬರಾದರೂ ಆಡಲಿ ಎಂದು ಕಾದಿದ್ದ ಮಾತು ಇದೇ, ಈಗ ಬಂದಿದೆ, ಆದರೆ ಬರೀ ಹೊಟ್ಟು, ಒಳಗೆ ಕಾಳಿಲ್ಲ. ಅದು ಅವಳಿಗೆ ಸಹಿಸಲಾಗಲಿಲ್ಲ.

"ಒಂದು ತಿದ್ದುಪಡಿ ಇದೆ," ಎಂದಳು. "ಆ ಉಲ್ಲೇಖಗಳು ನನ್ನ ವಾದಕ್ಕೆ ಬಂದಿದ್ದಲ್ಲ. ಇಲಿಗಳನ್ನ ಹೇಗೆ ಎತ್ತಿಕೊಳ್ಬೇಕು ಅಂತ ಒಂದು ಪ್ಯಾರಾ ಬರೆದಿದ್ದೆ, ಅದಕ್ಕೆ ಬಂದಿದ್ದು. ವಾದಕ್ಕೆ ಅಂತ ಬಂದಿರೋದನ್ನ ಬೆರಳಲ್ಲಿ ಎಣಿಸಬಹುದು. ಅದರಲ್ಲೂ ಒಂದೆರಡು ನಾನೇ ಬರೆದದ್ದು."

ಒಬ್ಬರು ನಕ್ಕರು, ಉಳಿದವರು ನಗಬೇಕೋ ಬೇಡವೋ ಎಂದು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಅರ್ಜಿಯ ಆ ಪುಟವನ್ನು ಹುಡುಕಿ ತೆಗೆದರು. "ಇಲ್ಲಿ ಬೇರೆ ಥರ ಬರೆದಿದೀರಲ್ಲ ಮೇಡಂ? ಬರೆಯೋವಾಗ ನಿಮಗೆ ಗೊತ್ತಿರಲಿಲ್ವಾ?"

"ಕಳಿಸೋ ದಿನ ಗೊತ್ತಾಯ್ತು. ಬದಲಾಯಿಸಲಿಲ್ಲ."

"ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ," ಎಂದರು ಅವರು, ಕಾಗದಗಳನ್ನು ಒಟ್ಟುಮಾಡಿ ಅಂಚು ಕುಟ್ಟುತ್ತ. ಆಗ ನಕ್ಕಿದ್ದವರು, ಲೆಕ್ಕಪತ್ರ ವಿಭಾಗದಿಂದ ಬಂದ ದುಂಡು ಮುಖದ ಸದಸ್ಯರು, ನಿಜವಾದ ಕುತೂಹಲದಿಂದ ಕೇಳಿದರು, "ಅಲ್ಲ, ಹೇಗೆ ಎತ್ತಿಕೊಳ್ಳೋದು ಅದನ್ನ?" ಅವಳು ಯೋಚಿಸದೆ ಕೈಯನ್ನು ಮೇಜಿನ ಮೇಲೆ ಇಟ್ಟಳು, ಅಂಗೈ ಮೇಲಕ್ಕೆ ಮಾಡಿ. "ಹೀಗಿಟ್ಟು ಕಾಯೋದು." ಎಲ್ಲರೂ ಆ ಕೈಯನ್ನೇ ನೋಡಿದರು. ಇನ್ನೇನೋ ಹೇಳುತ್ತಾಳೆಂದು ಅವರೂ, ಅವರು ಸಾಕು ಎನ್ನುತ್ತಾರೆಂದು ಅವಳೂ ಕಾದರು. ನೀರಿನ ಲೋಟಗಳ ನಡುವೆ, ಏನೋ ಬೇಡುವಂತೆ ಬಿದ್ದಿದ್ದ ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಅಧ್ಯಕ್ಷರು ಕೆಮ್ಮಿ, ಸಂಜೆಯೊಳಗೆ ತಿಳಿಸುತ್ತೇವೆ ಎಂದರು.

ಊಟದ ಬಿಡುವಿನಲ್ಲಿ ಗಟ್ಟಿಗಿತ್ತಿ ಅವಳನ್ನು ಮೆಟ್ಟಿಲ ಹತ್ತಿರ ಹಿಡಿದಳು. "ಏನಾಗಿದೆ ನಿನಗೆ? ನಾನು ಅಷ್ಟು ಚೆನ್ನಾಗಿ ದಾರಿ ಮಾಡಿಕೊಟ್ರೆ ನೀನೇ ಹೋಗಿ ಕಲ್ಲು ಹಾಕ್ಕೊಂಡೆಯಲ್ಲೇ ಮರೆಗುಳಿ!"

"ನಿಜ ಹೇಳು. ನನ್ನ ವಾದ ಓದಿದೀಯಾ ನೀನು?"

ಗೆಳತಿ ಕಿಟಕಿಯಾಚೆ ನೋಡಿದಳು. "ಸಾರಾಂಶ ಓದಿದೀನಿ ಕಣೇ. ಆಗಲೇ."

"ಹೋಗಲಿ, ಇಲಿ ಎತ್ತಿಕೊಳ್ಳೋದನ್ನಾದ್ರೂ ನಿಮ್ಮಲ್ಲಿ ಹಾಗೆ ಮಾಡ್ತೀರಾ?"

"ಅಯ್ಯೋ, ಒಂದೊಂದು ಇಲಿಗೂ ಕೈ ಚಾಚಿಕೊಂಡು ಕೂತ್ರೆ ಮುಗಿದ ಹಾಗೇ! ನಮ್ಮಲ್ಲಿ ಬಾಲ ಹಿಡಿದೇ ಎತ್ತೋದು, ಮೊದಲಿಂದ್ಲೂ. ಆದ್ರೆ ಆ ವಾಕ್ಯ ಹಾಕದೇ ಇದ್ರೆ ಪ್ರಬಂಧ ಅಚ್ಚು ಮಾಡೋ ಪತ್ರಿಕೆಯವರು ನೂರೆಂಟು ಪ್ರಶ್ನೆ ಕೇಳ್ತಾರೆ. ಹಾಕಿಬಿಟ್ರೆ ತಂಟೆ ಇಲ್ಲ. ಎಲ್ರೂ ಅಷ್ಟೇ ಮಾಡೋದು. ನಿನಗೆ ಗೊತ್ತಿರಲಿಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತಳು. ಒಂದು ಕ್ಷಣ ಬಹಳ ದುಃಖವಾಯಿತು, ಸಾವಿರ ಕೋಣೆಗಳಲ್ಲಿ ತಲೆಕೆಳಗಾಗಿ ನೇತಾಡುವ ಇಲಿಗಳು ಕಂಡವು, ಪ್ರತಿಯೊಂದರ ಕೆಳಗೆ ಅವಳ ಹೆಸರು. ಆಮೇಲೆ, ಯಾಕೆಂದು ತಿಳಿಯದೆ, ನಗು ಬಂತು. ಗಟ್ಟಿಗಿತ್ತಿ ಗಾಬರಿಯಿಂದ ಅವಳ ಮೊಣಕೈ ಹಿಡಿದು, "ನಾನಂತೂ ಪೀಠಕ್ಕೆ ನಿನ್ನ ಹೆಸರೇ ಹೇಳೋದು, ತಿಳ್ಕೋ," ಎಂದಳು. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಕೂಡಿ ಕೆಳಗೆ ಹೋಗಿ ಊಟ ಮಾಡಿದರು, ಮಂಡಿನೋವಿನ ಬಗ್ಗೆ ಮಾತಾಡಿದರು.

ಪೀಠ ಚಿತ್ರಯಂತ್ರದವನಿಗೆ ಆಯಿತೆಂಬ ಸುದ್ದಿ ಬಿಸಿಲು ಇಳಿಯುವ ಮೊದಲೇ ಬಂತು. ಅವಳು ಆಗ ಪ್ರಾಣಿಕೋಣೆಯಲ್ಲಿದ್ದಳು. ಗಂಡನಿಗೆ ಫೋನ್ ಮಾಡಿ ಹೇಳಿದಳು. ಯಾವ ಪ್ಯಾರಾಕ್ಕೆ ಎಷ್ಟು ಜನ ಬಂದಿದ್ದರು, ಅವರಲ್ಲಿ ಯಾರೂ ಇಲಿಗಳನ್ನು ಹಾಗೆ ಎತ್ತಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಿದಳು. ಅವನು ನಗಲಿಲ್ಲ. "ಅಂಗಡಿ ಬೇಗ ಮುಚ್ಚಿ ಬರ್ತೀನಿ, ನೀನೂ ಬಾ," ಎಂದ. ಮಹಡಿ ಬಿಟ್ಟುಕೊಡಲು ಇನ್ನೂ ಕೆಲವು ತಿಂಗಳುಗಳಿದ್ದವು. ಈಗಿರುವ ಇಲಿಗಳು ಆಯಸ್ಸು ತೀರುವವರೆಗೆ ಒಂದು ಮೂಲೆಯಲ್ಲಿ ಇರಲಿ ಎಂದು ಚಿತ್ರಯಂತ್ರದವನನ್ನೇ ಕೇಳಬಹುದು, ಬಾಗಿಲು ಹಿಡಿದು ನಿಲ್ಲುವವನು ಇಲ್ಲ ಎನ್ನಲಾರ. ಅದನ್ನು ಕೇಳಲು ಅವಳಿಗೆ ನಾಚಿಕೆಯಾಗಲಿಲ್ಲ. ಬಾಗಿಲ ಬಳಿಯ ಪೆಟ್ಟಿಗೆ ತೆರೆದು, ಮರದ ಹೊಟ್ಟಿನ ಮೇಲೆ ಅಂಗೈ ತೆರೆದಿಟ್ಟು, ಸ್ಟೂಲಿನ ಮೇಲೆ ಕೂತಳು. ಇಲಿ ದೂರದ ಮೂಲೆಯಲ್ಲಿ ಮುಖ ಒರೆಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಗಳು. ಎಡಗೈಯಿಂದ ಎತ್ತಿ ಕಿವಿಗೆ ಹಿಡಿದಳು.

"ಅಪ್ಪ ಹೇಳಿದ್ರು," ಎಂದಳು ಮಗಳು. ಹಿಂದೆ ನೀರಿನ ಸದ್ದು, ಮಕ್ಕಳ ಕೂಗು. ಅವಳು ಬೇರೆ ಊರಿನಲ್ಲಿ ಪುಟ್ಟ ಮಕ್ಕಳಿಗೆ ಈಜು ಕಲಿಸುವ ಕೆಲಸದಲ್ಲಿದ್ದಳು. "ತುಂಬಾ ಬೇಜಾರಾಯ್ತಾ?"

"ಆಯ್ತು. ಈಗ ಅಷ್ಟೊಂದಿಲ್ಲ."

"ಆ ಇಲಿ ವಿಷ್ಯನೂ ಹೇಳಿದ್ರು. ಯಾರೂ ಹಾಗೆ ಎತ್ತಿಕೊಳ್ಳೋದೇ ಇಲ್ವಂತೆ? ಅಮ್ಮಾ, ನಾನು ದಿನಾ ಹಾಗೇ ಮಾಡೋದು. ಹೊಸ ಮಕ್ಕಳು ನೀರಿಗೆ ಬರಲ್ಲ ಅಂತ ಹಟ ಮಾಡ್ತವಲ್ಲ, ಉಳಿದವರೆಲ್ಲ ಎಳ್ಕೊಂಡು ಬರ್ತಾರೆ. ನಾನು ಮೆಟ್ಟಿಲ ಮೇಲೆ ಕೈ ಇಟ್ಟು ಕೂತಿರ್ತೀನಿ. ಒಂದು ದಿನ ಆಗ್ಲಿ, ಒಂದು ವಾರ ಆಗ್ಲಿ, ತಾವೇ ಬರ್ತವೆ. ನಿನ್ನಿಂದ್ಲೇ ಬಂದಿದ್ದು ಅದು."

"ಇಲ್ಲಿಗೆ ಕರ್ಕೊಂಡು ಬಂದಾಗ ನೋಡಿದ್ದಾ?"

"ಇಲ್ಲಮ್ಮಾ, ಅದಕ್ಕಿಂತ ಮುಂಚೆ. ನನ್ನನ್ನ ಹಾಗೇ ಎತ್ತಿಕೊಳ್ತಿದ್ದೆಯಲ್ಲ ನೀನು. ಹಾಸಿಗೆ ಮೇಲೆ ಕೈ ಇಟ್ಟು, ಎಲ್ಲೋ ನೋಡ್ತಾ ಕೂತಿರ್ತಿದ್ದೆ. ನಿನ್ನ ವಾಚು ಟಿಕ್ ಟಿಕ್ ಅಂತಿತ್ತು. ನಂಗೆ ಮುಖ ನೆನಪಿಲ್ಲ, ಕೈ ನೆನಪಿದೆ, ಆ ಸದ್ದು ಚೆನ್ನಾಗಿ ನೆನಪಿದೆ."

ಅಷ್ಟು ಚಿಕ್ಕ ವಯಸ್ಸಿನದು ಯಾರಿಗೂ ನೆನಪಿರುವುದಿಲ್ಲ ಎಂದು ಅವಳು ತರಗತಿಯಲ್ಲಿ ಪಾಠ ಮಾಡುತ್ತಿದ್ದಳು. ಅವಳು ಜನ್ಮದಲ್ಲಿ ವಾಚು ಕಟ್ಟಿದವಳಲ್ಲ, ಇಲಿಗಳು ಆ ಸದ್ದಿಗೆ ಬೆಚ್ಚುತ್ತವೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ದಪ್ಪ ವಾಚು ಮನೆಯಲ್ಲಿ ಕನ್ನಡಕಗಳ ಡ್ರಾಯರಿನಲ್ಲಿ ನಿಂತುಹೋಗಿ ಬಿದ್ದಿತ್ತು. ಒಂದು ತಿದ್ದುಪಡಿ ಇದೆ ಎಂದು ನಾಲಿಗೆಯ ತುದಿಗೆ ಬಂತು. ಪೆಟ್ಟಿಗೆಯ ಮೂಲೆಯಿಂದ ಇಲಿ ಎದ್ದು, ನಿಂತು, ಮೂಸುತ್ತ ಹತ್ತಿರ ಬಂತು. ಮುಂದಿನ ಎರಡು ಕಾಲುಗಳನ್ನು ಅವಳ ಅಂಗೈಯ ಮೇಲಿಟ್ಟಿತು. ತಣ್ಣಗಿದ್ದವು.

"ನಿನಗೆ ನೆನಪಿದೆಯಾ ಅಮ್ಮಾ?"

ಅವಳು ಕೈ ಅಲುಗಿಸಲಿಲ್ಲ.

"ಹ್ಞೂಂ," ಎಂದಳು. "ನೆನಪಿದೆ."